ಸರಾಸರಿ ಸವಾರರ ಸನ್ನಿಧಾನಕ್ಕೆ ಮೂರು ಸೀಟುಗಳ ಬಿನ್ನಹ

ಶ್ರೀಯುತ ಸರಾಸರಿ ಸವಾರರಿಗೆ, ಎತ್ತರ ಐದಡಿ ಆರಂಗುಲ, ಮೋಟಾರ್‌ಸೈಕಲ್ ಸೀಟು ತಯಾರಿಸುವ ಕಂಪನಿಯವರ ಆಶ್ರಯದಲ್ಲಿ

ಮಾನ್ಯರೇ,

ಮೊಟ್ಟಮೊದಲಿಗೆ ತಮ್ಮ ಮೊಣಕಾಲುಗಳ ಕ್ಷೇಮ ವಿಚಾರಿಸಿಕೊಳ್ಳಲು ಅಪ್ಪಣೆಯಾಗಬೇಕು. ಪೆಟ್ರೋಲ್ ಟ್ಯಾಂಕಿನ ಎರಡೂ ಮಗ್ಗುಲಲ್ಲಿ ಗಾಡಿ ಕಂಪನಿಯವರು ತಮಗೆಂದೇ ತೋಡಿಟ್ಟಿರುವ ಗುಳಿಗಳಲ್ಲಿ ಅವು ಅಳತೆಗೆ ಸರಿಯಾಗಿ, ಯಾರ ಗೋಜಿಗೂ ಹೋಗದೆ ವಿಶ್ರಮಿಸುತ್ತಿವೆ ಎಂದು ನಂಬಿದ್ದೇನೆ. ತಮ್ಮ ಬೆನ್ನು, ಸೊಂಟ, ಹಾಗೂ ಹೆಸರೆತ್ತಲು ಸಂಕೋಚವಾದರೂ ಈ ಪತ್ರಕ್ಕೆ ಆಧಾರವೇ ಆಗಿರುವ ಇನ್ನೊಂದು ಭಾಗ, ಎಲ್ಲವೂ ಕುಶಲವೆಂದು ತಿಳಿಯುತ್ತೇನೆ. ನಾನಂತೂ ಈ ಪತ್ರವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ನಿಂತು ಬರೆಯುವುದು, ನಿಂತು ಉಣ್ಣುವುದು, ನಿಂತು ಟಿವಿ ನೋಡುವುದು ಈಚೆಗೆ ಅಭ್ಯಾಸವಾಗಿಬಿಟ್ಟಿದೆ.

ತಮ್ಮಂಥ ಮಹನೀಯರೊಬ್ಬರು ಇದ್ದಾರೆಂಬುದು ನನಗೆ ತಿಳಿದದ್ದು ಮೂರನೆಯ ಸೀಟಿನ ದೂರು ಹೇಳಲು ಕಂಪನಿಗೆ ಫೋನ್ ಮಾಡಿದಾಗ. ಗ್ರಾಹಕ ಸೇವೆಯ ಹೆಣ್ಣುಮಗಳು ನನ್ನ ದುಃಖವನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ಮಧ್ಯೆ ಒಂದೆರಡು ಸಲ ಪಾಪ ಎಂದೂ ಅಂದು, ಕೊನೆಗೆ ಹೇಳಿದ್ದು ಇಷ್ಟು: “ಸರ್, ನಮ್ಮ ಸೀಟು ಸರಾಸರಿ ಸವಾರರಿಗೆ, ಅಂದ್ರೆ ಐದಡಿ ಆರಂಗುಲದವರಿಗೆ, ಸರಿಯಾಗೇ ಕೂರುತ್ತೆ. ನೀವು ಸ್ವಲ್ಪ ಜಾಸ್ತಿ ಇದ್ದೀರಿ, ಅಷ್ಟೇ.”

ಜಾಸ್ತಿ ಇರುವುದು ನಿಜ. ನಾನು ಆರಡಿ ನಾಲ್ಕಂಗುಲ. ಇದನ್ನು ಬೇಕೆಂದು ಮಾಡಿಕೊಂಡದ್ದಲ್ಲ. ಹದಿನಾರನೆಯ ವಯಸ್ಸಿನಲ್ಲಿ ಯಾರೂ ಸಾಕು ಎನ್ನಲಿಲ್ಲ, ಬೆಳೆದುಬಿಟ್ಟೆ. ವೃತ್ತಿಯಿಂದ ಏಣಿ ವ್ಯಾಪಾರಿ. ಮೊದಲು ಒಂದೇ ಒಂದು ಏಣಿಯನ್ನು ಹೆಗಲ ಮೇಲೆ ಹೊತ್ತು ಬಣ್ಣ ಬಳಿಯುವವರ ಬೆನ್ನುಹತ್ತಿ ತಿರುಗಿದವನು, ಈಗ ಒಂದು ಷೆಡ್ಡು, ಮೂವರು ಕೆಲಸಗಾರರು, ಗಿರಾಕಿಗಳ ಬಳಿಗೆ ಹೋಗಿಬರಲು ಒಂದು ಮೋಟಾರ್‌ಸೈಕಲ್ಲು ಎಂಬಷ್ಟರ ಮಟ್ಟಿಗೆ ಬಂದಿದ್ದೇನೆ. ತನ್ನ ಸರಕನ್ನು ತಾನೇ ಬಳಸುವ ಸಂದರ್ಭ ಅಷ್ಟಾಗಿ ಒದಗದ ವ್ಯಾಪಾರಿ ನಾನು. ಗಿರಾಕಿಗಳು ನನ್ನನ್ನೂ ಏಣಿಯನ್ನೂ ಒಮ್ಮೆ ಅಳೆದು ನೋಡಿ, ನಿಮ್ಮನ್ನೇ ಬಾಡಿಗೆಗೆ ಕೊಡುತ್ತೀರಾ ಎಂದು ಕೇಳುವುದು ವಾಡಿಕೆ. ನಗುತ್ತೇನೆ. ನಕ್ಕರೆ ಒಂದು ಏಣಿ ಹೆಚ್ಚಿಗೆ ಮಾರಾಟವಾಗುತ್ತದೆ.

ಆದರೂ ತಮ್ಮ ವಿಷಯ ತಿಳಿದ ಮೇಲೆ ನನಗೆ ಗೌರವವೇ ಹೆಚ್ಚಾಗಿದೆ. ಎಷ್ಟು ವರ್ಷಗಳಿಂದ ನಾನು ತಮ್ಮ ಮನೆಯಲ್ಲೇ ಬಾಡಿಗೆಗಿದ್ದೇನೆಂದು ಈಗ ಗೊತ್ತಾಯಿತು. ನನ್ನ ಹಣೆಗೆ ಬಡಿಯುವ ಬಾಗಿಲು ತಮ್ಮ ನೆತ್ತಿಗೆ ಆದರದಿಂದ ಜಾಗ ಬಿಡುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನು ತಮ್ಮ ಮಂಡಿ ಬಂದ ಕೂಡಲೇ ಒಂದು ಗೇಣು ಹಿಂದೆ ಸರಿದು ನಿಲ್ಲುತ್ತದೆ. ಕ್ಷೌರದಂಗಡಿಯ ಕನ್ನಡಿಯಲ್ಲಿ ತಮಗೆ ತಮ್ಮ ಮುಖ ಕಾಣುತ್ತದೆ. ನನಗೆ ನನ್ನ ಅಂಗಿಯ ಎರಡನೆಯ ಗುಂಡಿ ಕಾಣುತ್ತದೆ. ಇಷ್ಟೆಲ್ಲ ಉಪಚಾರ ಪಡೆಯಲು ತಾವು ಮಾಡಿದ್ದಾದರೂ ಏನು ಎಂದು ಯೋಚಿಸಿದೆ. ನಿಲ್ಲಿಸಬೇಕಾದ ಕಡೆ ಬೆಳೆಯುವುದನ್ನು ನಿಲ್ಲಿಸಿದಿರಿ. ಆ ಸಮಯಪ್ರಜ್ಞೆ ಎಲ್ಲರಿಗೂ ಬರುವಂಥದ್ದಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಗಾಡಿಯ ಜೊತೆಗೇ ಬಂದ ಮೂಲ ಸೀಟು ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿತ್ತು. ಬ್ರೇಕು ಹಾಕಿದಾಗಲೆಲ್ಲ ನಾನು ಟ್ಯಾಂಕಿನ ಕಡೆಗೆ ಜಾರಿ, ಮಂಡಿಗಳು ಹ್ಯಾಂಡಲ್ಲಿನ ತನಕ ಏರಿ, ಎಡಕ್ಕೆ ತಿರುಗಬೇಕಾದರೆ ಮೊದಲು ಎಡಮಂಡಿಯ ಒಪ್ಪಿಗೆ ಪಡೆಯಬೇಕಾಗುತ್ತಿತ್ತು. ನಾನು ಗಾಡಿ ಏರಿ ಹೊರಟರೆ ಅಮ್ಮ ಬಾಗಿಲಲ್ಲಿ ನಿಂತು, ಮಿಡತೆ ಬೆಂಕಿಪೊಟ್ಟಣದ ಮೇಲೆ ಕೂತ ಹಾಗಿದೆ ಎಂದು ಎದುರು ಮನೆಯವರಿಗೂ ಕೇಳುವಂತೆ ಹೇಳುತ್ತಿದ್ದಳು. ಮಂಡಿನೋವಿಗೆ ವ್ಯಾಯಾಮ ಹೇಳಿಕೊಡುವ ವೈದ್ಯರು, ಕಾಲೇನು ಹಾರ್ಮೋನಿಯಮ್ಮೇ ಹೀಗೆ ಮಡಚುವುದಕ್ಕೆ ಎಂದು ಗದರಿ, ಒಂದೋ ಗಾಡಿ ಬದಲಾಯಿಸು, ಇಲ್ಲವೇ ಸೀಟು ಎತ್ತರಿಸು ಎಂದು ಚೀಟಿಯ ಹಿಂಬದಿಯಲ್ಲಿ ಚಿತ್ರವನ್ನೂ ಬರೆದುಕೊಟ್ಟರು. ಚಿತ್ರದಲ್ಲಿನ ಮನುಷ್ಯ ತಮ್ಮಷ್ಟೇ ಎತ್ತರ ಇದ್ದ.

ಆ ಚಿತ್ರವನ್ನು ನನ್ನ ಹೆಂಡತಿ ನೋಡಿದಳು. ಆಕೆ ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುವವಳು; ಏನನ್ನೇ ಆಗಲಿ ಒಮ್ಮೆ ನೋಡಿದರೆ ಸರಿಯಾಗಿಯೇ ನೋಡುತ್ತಾಳೆ. ತೀರ್ಪು ಅಲ್ಲೇ ಆಯಿತು. “ಮಕ್ಕಳ ಶಾಲೆ ಶುರುವಾಗೋದ್ರೊಳಗೆ ಒಂದು ದಾರಿ ಮಾಡ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ಗಾಡಿ ನನ್ನ ತಮ್ಮನಿಗೆ ಕೊಟ್ಟು, ಎಲ್ಲರೂ ಕೂರೋ ಹಾಗೆ ಒಂದು ಕಾರು ತಗೊಳ್ಳೋಣ.”

ತಾವು ಕೇಳಬಹುದು, ಕಾರೆಂದರೆ ಒಳ್ಳೆಯದೇ ಆಯಿತಲ್ಲ, ಇದರಲ್ಲಿ ಅಳುವುದೇನಿದೆ ಎಂದು. ಇಲ್ಲಿ ನನ್ನ ಸಂಸಾರದ ಒಂದು ಗುಟ್ಟನ್ನು ತಮ್ಮೆದುರು ಬಿಚ್ಚಬೇಕಾಗುತ್ತದೆ. ನಾನು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅಮ್ಮ, ಇಷ್ಟು ಜನ ಎರಡು ಕೋಣೆಗಳಲ್ಲಿ ಇದ್ದೇವೆ. ಒಂದರಲ್ಲಿ ಅಮ್ಮನ ಧಾರಾವಾಹಿ, ಇನ್ನೊಂದರಲ್ಲಿ ಮಕ್ಕಳ ಜಗಳ, ಅಡುಗೆಮನೆಯಲ್ಲಿ ನನ್ನ ಫೋನು. ಗಂಡಹೆಂಡಿರು ಒಂದು ಮಾತನ್ನು ಶುರು ಮಾಡಿದರೆ ಅದನ್ನು ಮುಗಿಸುವವರು ಬೇರೆ ಯಾರೋ ಆಗಿರುತ್ತಾರೆ. ಭಾನುವಾರ ಬೆಳಿಗ್ಗೆ ಊರಾಚೆಯ ತರಕಾರಿ ಮಾರುಕಟ್ಟೆಗೆ ಹೋಗಿಬರುವ ದಾರಿಯೊಂದೇ ನಮ್ಮಿಬ್ಬರದು. ಗಾಡಿ ವರ್ತುಲ ರಸ್ತೆಗೆ ಬಿದ್ದಕೂಡಲೇ ಅವಳು ನನ್ನ ಬಲಹೆಗಲ ಹಿಂದಿನಿಂದ ಮಾತು ಶುರು ಮಾಡುತ್ತಾಳೆ. ಅಂಗಡಿಯ ಯಜಮಾನನ ಜಿಪುಣತನ, ದೊಡ್ಡವಳ ಸಿಟ್ಟು, ಅಮ್ಮ ಆಡಿದ ಮಾತು, ಆಡದೆ ಬಿಟ್ಟ ಮಾತು, ಎಲ್ಲವೂ ಬರುತ್ತವೆ. ಎದುರುಬದುರು ಕೂತಿದ್ದರೆ ಇದರಲ್ಲಿ ಅರ್ಧ ಮಾತಿಗೆ ಅವಳು ಬಾಯಿ ತೆರೆಯುತ್ತಿರಲಿಲ್ಲ, ಇನ್ನರ್ಧಕ್ಕೆ ನಾನು ಬಾಯಿ ಮುಚ್ಚಿಕೊಂಡಿರುತ್ತಿರಲಿಲ್ಲ. ಹೆಲ್ಮೆಟ್ಟಿನೊಳಗೆ ತಲೆಯಾಡಿಸುವುದಷ್ಟೇ ನನ್ನ ಪಾಲು. ನಮ್ಮ ಮದುವೆ ಇಷ್ಟು ವರ್ಷ ಚೆನ್ನಾಗಿ ಓಡಿರುವುದು ಎರಡು ಚಕ್ರದ ಮೇಲೆ, ಸ್ವಾಮಿ. ಕಾರು ಬಂದರೆ ಮುಂದಿನ ಸೀಟಿನಲ್ಲಿ ಅಮ್ಮ ಕೂರುತ್ತಾಳೆ.

ಹೀಗಾಗಿ ಹೊರಗಡೆ ಸಿಗುವ ಒಳ್ಳೆಯ ಸೀಟೊಂದನ್ನು ಹಾಕಿಸಲೇಬೇಕೆಂದು ಹೊರಟೆ. ತಮ್ಮ ಆಶ್ರಯದಾತರ ಮಳಿಗೆಯಲ್ಲಿ ಕಬ್ಬಿಣದ ಕುದುರೆಯಂಥ ಒಂದು ಚೌಕಟ್ಟಿಗೆ ಸೀಟುಗಳನ್ನು ಒಂದಾದ ಮೇಲೊಂದು ಸಿಕ್ಕಿಸಿ, ಕೂತು ನೋಡಿ ಎನ್ನುವ ಏರ್ಪಾಡಿದೆ. ಮೊದಲನೆಯದು ಮೆತ್ತಗಿನ ಜೆಲ್ ತುಂಬಿದ ಸೀಟು. ಮಾರಾಟಗಾರ ನನ್ನನ್ನು ಮದುಮಗನ ಹಾಗೆ ಕೈಹಿಡಿದು ಕೂರಿಸಿ, ಎರಡು ನಿಮಿಷ ಬಿಟ್ಟು, ಮೋಡದ ಮೇಲೆ ಕೂತ ಹಾಗಿಲ್ಲವೇ ಎಂದು ಕೇಳಿದ. ನಿಜವಾಗಿ ಮೋಡದ ಹಾಗೆಯೇ ಇತ್ತು. ಎರಡು ನಿಮಿಷಕ್ಕೆ ಸುಖ ಕೊಡದ ಸೀಟು ಈ ಲೋಕದಲ್ಲಿ ಇಲ್ಲವೆಂಬುದು ತಿಳಿದದ್ದು ಅರ್ಧಗಂಟೆಯ ಮೇಲೆ, ಊರಿನ ಹೊರಗೆ, ಮೋಡ ಪೂರ್ತಿ ಕರಗಿ ನಾನು ತಳದ ತಗಡಿನ ಮೇಲೆ ಕೂತಿದ್ದಾಗ. ಹಳೆಯ ಸೀಟಿಗಿಂತಲೂ ಒಂದಂಗುಲ ಕೆಳಗಿಳಿದಿದ್ದೆ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದು ಕೂತರೆ ಜೆಲ್ಲು ಕಾದ ಕಾವಲಿಯಾಗಿರುತ್ತಿತ್ತು. ಕೂತವನು ಎದ್ದೆ, ಎದ್ದವನು ಸಂಜೆಯ ತನಕ ಕೂರಲಿಲ್ಲ. ಹಿಂದಿರುಗಿಸಲು ಹೋದರೆ ಅದೇ ಮಾರಾಟಗಾರ, ಸ್ವಲ್ಪ ದಿನ ಓಡಿಸಿದರೆ ಮೈಗೆ ಹೊಂದಿಕೊಳ್ಳುತ್ತದೆ ಎಂದ. ಯಾವುದು ಯಾವುದರ ಮೈಗೆ ಎಂಬುದನ್ನು ಅವನು ಸ್ಪಷ್ಟಪಡಿಸಲಿಲ್ಲ. ಆಗಲೇ ಹೇಳಿದ ಭಾಮೈದ ಮಾತ್ರ ಸಂಜೆ ಬಂದು, ಗಾಡಿಯನ್ನು ಬೀದಿಯ ಕೊನೆಯ ತನಕ ಓಡಿಸಿ, ಚೆನ್ನಾಗೇ ಇದೆಯಲ್ಲ ಭಾವ ಎಂದು, ಬೀಗದ ಕೈಯನ್ನು ತುಸು ತಡವಾಗಿ ವಾಪಸು ಕೊಟ್ಟ.

ಎರಡನೆಯದು ‘ಮಹಾರಾಜ’ ಎಂಬ ಮಾದರಿ. ಆರಡಿ ಮೀರಿದವರಿಗೆಂದೇ ಮಾಡಿದ್ದು ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಗಟ್ಟಿ ಫೋಮು, ಎರಡೂವರೆ ಅಂಗುಲ ಎತ್ತರ, ಮಂಡಿಗಳು ಮೊದಲ ಬಾರಿಗೆ ಉಸಿರಾಡಿದವು. ವಿರೋಧಿಯೇ ಆಗಲಿ, ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಬೇಕು. ಮುಂದಿನ ಅರ್ಧ ಬಂಗಾರದಂಥ ಸೀಟು. ಆದರೆ ಹಿಂದಿನ ಅರ್ಧವನ್ನೂ ಅದೇ ಮಟ್ಟಕ್ಕೆ ಎತ್ತರಿಸಿದ್ದರು. ನನ್ನ ಹೆಂಡತಿ ಐದಡಿಗೆ ಇನ್ನೂ ಒಂದಂಗುಲ ಬಾಕಿ ಉಳಿಸಿಕೊಂಡವಳು. ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಬಂದವಳು ಗಾಡಿಯ ಪಕ್ಕ ನಿಂತು ಸೀಟನ್ನು ಗೋಡೆ ನೋಡಿದ ಹಾಗೆ ನೋಡಿದಳು. ನಾನು ಷೆಡ್ಡಿಗೆ ಹೋಗಿ ನಮ್ಮಲ್ಲಿನ ಅತಿ ಚಿಕ್ಕ ಏಣಿಯನ್ನು, ಅಡುಗೆಮನೆಯ ಅಟ್ಟಕ್ಕೆಂದು ಮಾಡುವ ಎರಡೇ ಮೆಟ್ಟಿಲಿನದನ್ನು, ತಂದು ಇಟ್ಟೆ. ಬೀದಿಯ ಜನ ಕಿಟಕಿಗಳಿಗೆ ಬಂದರು. ಅವಳು ಏಣಿ ಏರಿ, ಗಾಡಿ ಏರಿ, ಕೂತು, “ಈ ಏಣಿ ಈಗ ಯಾರು ಹಿಡ್ಕೊಳ್ಳೋದು?” ಎಂದು ಕೇಳಿದಳು. ಮಾರುಕಟ್ಟೆಯಲ್ಲಿ ಇಳಿದು ಹತ್ತಬೇಕಾದ್ದರಿಂದ ಅದನ್ನು ಅವಳೇ ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಹಳೆಯ ಇಳಿಜಾರು ಹೋಗಿ ಸೀಟು ಮಟ್ಟವಾದದ್ದರಿಂದ ನನ್ನ ಬೆನ್ನು ಈಗ ಅವಳ ಮುಂದೆ ಮೊದಲಿಗಿಂತ ಹೆಚ್ಚಿಗೆ ಎದ್ದು ನಿಂತಿತ್ತು. ಮೊದಲು ಕಿವಿಯ ಹತ್ತಿರ ಇದ್ದ ಅವಳ ಬಾಯಿ ಈಗ ನನ್ನ ಬೆನ್ನುಮೂಳೆಯ ನಡುವಿಗೆ ಬಂತು. ಬೆನ್ನುಮೂಳೆಗೆ ಕಿವಿ ಇರುವುದಿಲ್ಲ. ಮೊದಲ ಭಾನುವಾರ ಅವಳು ಜೋರಾಗಿ ಮಾತಾಡಿ ನೋಡಿದಳು. ಮನೆಯ ಗುಟ್ಟುಗಳನ್ನು ಜೋರಾಗಿ ಹೇಳಿದರೆ ಪಕ್ಕದ ಲಾರಿಯವನು ತಿರುಗಿ ನೋಡುತ್ತಾನೆ. ಎರಡನೆಯ ಭಾನುವಾರ ದಾರಿಯುದ್ದಕ್ಕೂ ಸುಮ್ಮನಿದ್ದಳು. ಮಂಡಿ ನೋಯುತ್ತಿರಲಿಲ್ಲವಾದ್ದರಿಂದ ನಾನೂ ಹುರುಪಿನಲ್ಲಿದ್ದೆ, ಗಾಳಿ ಚೆನ್ನಾಗಿದೆ ಎಂದುಕೊಂಡೆ. ಮೂರನೆಯ ಭಾನುವಾರವಷ್ಟೇ ನನಗೆ ಹೊಳೆದದ್ದು, ನಾನು ತರಕಾರಿ ಮಾತ್ರ ಹೊತ್ತು ತರುತ್ತಿದ್ದೇನೆ ಎಂದು. ಭಾಮೈದನಿಗೆ ಈ ಸೀಟಿನಲ್ಲೂ ಏನೂ ತೊಂದರೆ ಕಾಣಲಿಲ್ಲ. ತುದಿಗಾಲಲ್ಲಿ ನಿಂತು, ಗತ್ತು ಇದೆ ಭಾವ ಎಂದ.

ಮತ್ತೆ ಕಂಪನಿಯವರ ಬಾಗಿಲಿಗೇ ಹೋದೆ. ಹಾಗಾದರೆ ನಿಮ್ಮ ಮೈಗೇ ಕಟ್ಟಿಸಿಕೊಡುತ್ತೇವೆ ಎಂದು ನನ್ನನ್ನು ಆ ಕಬ್ಬಿಣದ ಕುದುರೆಯ ಮೇಲೆ ಕೂರಿಸಿ, ಎಡದಿಂದ, ಬಲದಿಂದ, ಹಿಂದಿನಿಂದ ಫೋಟೊ ತೆಗೆದುಕೊಂಡರು. ನನ್ನ ಹಿಂಭಾಗದ ಬಗ್ಗೆ ಇಷ್ಟು ಆಸಕ್ತಿಯನ್ನು ಅದುವರೆಗೆ ಯಾರೂ ತೋರಿಸಿರಲಿಲ್ಲ. ಹತ್ತು ದಿನಕ್ಕೆ ಸೀಟು ಬಂತು. ಮುಂದಿನ ಸವಾರನ ನಡುವಿಗೆ ಆನಿಕೆಯಾಗಲೆಂದು ಸೀಟಿನ ನಟ್ಟನಡುವೆ ಒಂದು ದಿಬ್ಬ ಎಬ್ಬಿಸಿದ್ದರು. ಹೆಂಡತಿ ಅದರ ಮೇಲೆ ಕೈಯಾಡಿಸಿ, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಹೀಗೆಯೇ ಗೋಡೆ ಎಬ್ಬಿಸುತ್ತಾರೆ ಎಂದಳು. ದಿಬ್ಬದ ಆಚೆ ಅವಳು, ಈಚೆ ನಾನು, ನಡುವೆ ಗಾಳಿ. ಆ ಸಂಜೆಯೇ ಗ್ರಾಹಕ ಸೇವೆಗೆ ಫೋನ್ ಮಾಡಿದ್ದು, ತಮ್ಮ ಹೆಸರು ಕೇಳಿ ಪಾವನನಾದದ್ದು.

ಅಂದಿನಿಂದ ತಮ್ಮ ದರ್ಶನಕ್ಕಾಗಿ ನಾನು ಮಾಡಿದ ಪ್ರಯತ್ನವನ್ನು ತಾವು ಮೆಚ್ಚಿಕೊಳ್ಳಬೇಕು. ತಮ್ಮನ್ನು ಮುಖತಃ ಕಂಡು, ಸಾರ್ವಜನಿಕ ಹಿತದೃಷ್ಟಿಯಿಂದ ಒಂದು ನಾಲ್ಕೈದು ಅಂಗುಲ ಬೆಳೆಯಲು ಸಾಧ್ಯವೇ ಎಂದು ವಿನಂತಿಸುವುದು ನನ್ನ ಉದ್ದೇಶವಾಗಿತ್ತು. ಆಗದಿದ್ದಲ್ಲಿ ವಾರಕ್ಕೆ ಆರು ದಿನ ನನ್ನ ಪರವಾಗಿ ತಾವೇ ಗಾಡಿಯ ಮೇಲೆ ಕೂತು, ನಾನು ಪಕ್ಕದಲ್ಲಿ ಓಡಿಬರುವ ಒಪ್ಪಂದಕ್ಕೂ ಸಿದ್ಧನಿದ್ದೆ. ಅದೂ ಆಗದಿದ್ದರೆ ಸರಾಸರಿಯ ಹುದ್ದೆಗೆ ರಾಜೀನಾಮೆ ಕೊಟ್ಟು, ಆ ಜಾಗಕ್ಕೆ ನನ್ನ ಹೆಸರನ್ನು ಶಿಫಾರಸು ಮಾಡಿ ಎಂದು ಕೇಳಿಕೊಳ್ಳುವವನಿದ್ದೆ. ಆದರೆ ತಾವು ಎಲ್ಲೂ ಸಿಗಲಿಲ್ಲ. ನನ್ನ ಗಿರಾಕಿ ಬಣ್ಣದವನನ್ನು ಕೇಳಿದರೆ, ಅಳತೆ ಸರಿ ಇರಬಹುದು, ಆದರೆ ನನ್ನ ತೋಳು ಗಿಡ್ಡ, ಹ್ಯಾಂಡಲ್ಲು ದೂರವಾಗುತ್ತದೆ ಎಂದ. ವಿದ್ಯುತ್ ಕೆಲಸದವನು, ಎತ್ತರ ನನ್ನದೇ, ಹೊಟ್ಟೆ ಮಾತ್ರ ಬೇರೆಯವರದ್ದು ಎಂದ. ಕೊನೆಗೆ ಅಳತೆಪಟ್ಟಿ ಹಿಡಿದು ಭಾಮೈದನನ್ನೇ ಗೋಡೆಗೆ ನಿಲ್ಲಿಸಿದೆ, ಏಕೆಂದರೆ ನನ್ನ ಸಂಶಯವೆಲ್ಲ ಅವನ ಮೇಲೇ ಇತ್ತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಐದಡಿ ಆರಂಗುಲ. ಅವನು ಒಪ್ಪಲಿಲ್ಲ. “ನಾನು ಸ್ವಲ್ಪ ಮೇಲೇ ಇದೀನಿ ಭಾವ, ಬೆಳಿಗ್ಗೆ ಹೊತ್ತು ಅಳೀಬೇಕು,” ಎಂದ.

ಆಗ ಒಳಗಿನಿಂದ ಹೆಂಡತಿ, ಊರವರನ್ನೆಲ್ಲ ಕೇಳಿದ್ದಾಯಿತು, ಇನ್ನು ಯಾರನ್ನು ಕೇಳುವುದು ಬಾಕಿ ಇದೆ ಎಂದಳು. ಇದು ಪ್ರಶ್ನೆಯಲ್ಲ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಹಾಗಾದರೆ ನಿನಗೆ ಹೇಗಿದೆ ಎಂದು ಕೇಳಿದೆ. ಮೂಲ ಸೀಟಿನಲ್ಲಿ ವರ್ಷಗಟ್ಟಲೆ ಅವಳು ಇಳಿಜಾರಿಗೆ ಜಾರದಿರಲೆಂದು ಎಡಗೈಯಿಂದ ಹಿಂದಿನ ಕಂಬಿಯನ್ನು ಹಿಡಿದೇ ಕೂತಿದ್ದಳಂತೆ; ಕಾಲು ಎಂದೂ ಪೂರ್ತಿಯಾಗಿ ಫುಟ್‌ರೆಸ್ಟಿಗೆ ಊರಿದ್ದಿಲ್ಲವಂತೆ; ಮೋಡದ ಸೀಟು, ಮಹಾರಾಜ, ದಿಬ್ಬದ ಸೀಟು, ಮೂರನ್ನೂ ನಾನು ಮಳಿಗೆಯಲ್ಲಿ ಒಬ್ಬನೇ ಕೂತು ನೋಡಿ ಮನೆಗೆ ತಂದದ್ದನ್ನು ಅವಳು ಲೆಕ್ಕವಿಟ್ಟಿದ್ದಳು. “ಇಬ್ಬರ ಸೀಟು ಅದು. ನನ್ನ ಕಣ್ಣಿಗೆ ನೀವು ಕನ್ನಡಕ ಹಾಕ್ಕೊಂಡು ನೋಡಿ, ಚೆನ್ನಾಗಿ ಕಾಣತ್ತೆ ಅಂತ ತಂದುಕೊಟ್ಟ ಹಾಗಾಯ್ತು.”

ಏಣಿಯನ್ನು ಮಾರುವಾಗ ಅದನ್ನು ಹತ್ತುವವನು ಯಾರು, ಕೆಳಗೆ ಹಿಡಿದುಕೊಳ್ಳುವವನು ಯಾರು ಎಂದು ಎರಡನ್ನೂ ಕೇಳದೆ ನಾನು ಕೊಟ್ಟವನಲ್ಲ. ಮೂರು ಸೀಟು ಕೊಂಡಾಗಲೂ ಆ ಬುದ್ಧಿ ನನ್ನ ಜೊತೆ ಮಳಿಗೆಯೊಳಗೆ ಬರಲಿಲ್ಲ. ಹೊರಗೆ ಗಾಡಿಯ ಹತ್ತಿರವೇ ಕಾಯುತ್ತಿತ್ತೆಂದು ಕಾಣುತ್ತದೆ.

ಮರುದಿನ ಭಾನುವಾರ, ಷೆಡ್ಡಿಗೆ ರಜೆ. ಮಾರುಕಟ್ಟೆಗೆ ಹೋಗುವ ಬದಲು ಗಾಡಿಯನ್ನು ಷೆಡ್ಡಿನೊಳಗೆ ತಂದು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆವು. ಅವಳು ದಿಬ್ಬದ ಸೀಟಿನ ಹೊದಿಕೆಯನ್ನು ಕಿತ್ತು ಫೋಮನ್ನು ಬಯಲಿಗಿಟ್ಟಳು. ಮುಂದೆ ನಡೆದದ್ದು ಅವಳ ಅಂಗಡಿಯ ರೀತಿ. ಅಲ್ಲಿ ಗಿರಾಕಿಯ ಕಣ್ಣೆದುರು ಒಂದು ಗಾಜು ಇಟ್ಟು, ತೆಗೆದು ಇನ್ನೊಂದು ಇಟ್ಟು, ಇದು ಚೆನ್ನಾಗಿದೆಯಾ ಅದು ಚೆನ್ನಾಗಿತ್ತಾ ಎಂದು ಕೇಳುತ್ತ ಹೋಗುತ್ತಾಳಲ್ಲ, ಹಾಗೆಯೇ ಇಲ್ಲಿಯೂ. ಏಣಿಯ ಕಾಲಿಗೆ ಹಾಕುವ ರಬ್ಬರಿನ ಹಾಳೆಗಳನ್ನು ನನ್ನ ಕೆಳಗೆ ಒಂದೊಂದಾಗಿ ಸೇರಿಸಿದಳು, ತೆಗೆದಳು, ಮತ್ತೆ ಸೇರಿಸಿದಳು. ಗರಗಸದ ಬ್ಲೇಡಿನಿಂದ ದಿಬ್ಬವನ್ನು ಸವರಿ, ಹಿಂದಿನ ಅರ್ಧವನ್ನು ತೆಳುವಾಗಿ, ಹಪ್ಪಳದಷ್ಟಷ್ಟೇ ಇಳಿಸುತ್ತ ಬಂದೆ. ಪ್ರತಿ ಸಲವೂ ಇಬ್ಬರೂ ಹತ್ತಿ ಕೂರಬೇಕು, ಇಬ್ಬರೂ ಉತ್ತರ ಹೇಳಬೇಕು. ನಾನು ಅವಸರಕ್ಕೆ ಚೆನ್ನಾಗಿದೆ ಎಂದರೆ ಅವಳು ಒಪ್ಪುತ್ತಿರಲಿಲ್ಲ. ಎರಡು ನಿಮಿಷಕ್ಕೆ ಎಲ್ಲವೂ ಚೆನ್ನಾಗಿರುತ್ತದೆ, ಸುಮ್ಮನೆ ಕೂತಿರಿ ಎನ್ನುತ್ತಿದ್ದಳು.

ಹಾಗೆ ಸುಮ್ಮನೆ ಕೂತಿದ್ದೆವು. ಒಂದಿಂಚೂ ಕದಲದ ಗಾಡಿ, ಎದುರಿಗೆ ಗೋಡೆಗೊರಗಿಸಿದ ಏಣಿಗಳ ಸಾಲು. ದಿಬ್ಬವಿಲ್ಲದ್ದರಿಂದ ಮುಂದಕ್ಕೆ ಸರಿದು, ಫುಟ್‌ರೆಸ್ಟಿಗೆ ಕಾಲೂರಿ ಎತ್ತರಿಸಿಕೊಂಡ ಅವಳ ಬಾಯಿ ಮತ್ತೆ ನನ್ನ ಕಿವಿಯ ಹತ್ತಿರಕ್ಕೆ ಬಂದಿತ್ತು. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು. “ನಮ್ಮ ಅಂಗಡಿಯವರು ಊರಾಚೆ ಹೊಸ ಅಂಗಡಿ ತೆಗೀತಾರಂತೆ. ನನ್ನನ್ನೇ ನೋಡ್ಕೊ ಅಂದಿದ್ದಾರೆ. ಕೇಳಿ ತಿಂಗಳಾಗ್ತಾ ಬಂತು.”

ಮನೆಯಲ್ಲೇಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದೆ. ಕೇಳುವ ಮೊದಲೇ ಉತ್ತರ ನನಗೆ ಗೊತ್ತಿತ್ತು. ಹಿಂದೆ ತಿರುಗಿ ಅವಳ ಮುಖ ನೋಡಬೇಕೆನಿಸಿತು. ನೋಡಿದರೆ ಅವಳು ನಿಲ್ಲಿಸಿಬಿಡುತ್ತಾಳೆಂದು ಏಣಿಗಳನ್ನೇ ನೋಡುತ್ತ, ಒಪ್ಪಿಕೊ ಎಂದೆ.

“ಒಪ್ಕೊಂಡಾಯ್ತು. ನಿಮಗೆ ಹೇಳೋದೊಂದು ಬಾಕಿ ಇತ್ತು.”

ಮಾನ್ಯರೇ, ಆ ಸೀಟು ನೋಡಲು ಚೆನ್ನಾಗಿಲ್ಲ. ಉಳಿದ ರೆಕ್ಸಿನ್ ತುಂಡುಗಳಿಂದ ಹೊಲಿಸಿದ ಹೊದಿಕೆ ಎರಡು ಬಣ್ಣದ್ದು, ಮುಂದೆ ಗುಡ್ಡ, ಹಿಂದೆ ತೊಟ್ಟಿಲು. ಭಾಮೈದ ಹತ್ತಿ ಕೂತವನು ಎರಡೂ ಕಾಲನ್ನು ಗಾಳಿಯಲ್ಲಿ ಆಡಿಸಿ, ಅತ್ತಿತ್ತ ಸರಿದು, ಇಳಿದು ಹೋಗಿ ಈಗ ಬೇರೆ ಗಾಡಿ ಹುಡುಕುತ್ತಿದ್ದಾನೆ. ಹೊಸ ಅಂಗಡಿ ನನ್ನ ದಾರಿಯಲ್ಲೇ ಇರುವುದರಿಂದ ಇನ್ನು ಮುಂದೆ ದಿನವೂ ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೆ ಹೋಗುತ್ತೇವೆ. ಕಾರಿನ ಮಾತು ಸದ್ಯಕ್ಕೆ ನಿಂತಿದೆ. ಅಂದು ಷೆಡ್ಡಿನಲ್ಲಿ, ಬೆನ್ನು, ಮಂಡಿ, ಕಂಬಿ ಎಲ್ಲದರ ವಿಚಾರ ಮುಗಿದು, ಸೀಟು ಸರಿಯಾಯಿತಲ್ಲ, ಇನ್ನು ಇಳಿಯೋಣವೇ ಎಂದು ನಾನು ಒಂದು ಕಾಲನ್ನು ನೆಲಕ್ಕೆ ಊರಿದಾಗ ಅವಳು ನನ್ನ ಅಂಗಿಯ ಬೆನ್ನು ಹಿಡಿದು ಜಗ್ಗಿದಳು.

“ಇಳೀಬೇಡಿ, ಇನ್ನೂ ಮುಗಿದಿಲ್ಲ.”

ಹೀಗಾಗಿ ತಮ್ಮಲ್ಲಿ ಕೇಳಿಕೊಳ್ಳಬೇಕೆಂದಿದ್ದ ಬೆಳವಣಿಗೆ, ಒಪ್ಪಂದ, ರಾಜೀನಾಮೆ ಮೊದಲಾದ ಎಲ್ಲ ಕೋರಿಕೆಗಳನ್ನೂ ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ತಾವು ಎಲ್ಲಿದ್ದರೂ, ಇದ್ದರೆ, ಸುಖವಾಗಿ ಕೂತಿರಿ.

ತಮ್ಮ ಅಳತೆಗೆ ಹೊರಗಿನವನಾದರೂ ಎಂದೆಂದಿಗೂ

ತಮ್ಮ ವಿಶ್ವಾಸಿ,
ಏಣಿ ವ್ಯಾಪಾರಿ

ತಾ.ಕ.: ತಮ್ಮ ವಿಳಾಸ ತಿಳಿಯದ್ದರಿಂದ ಈ ಪತ್ರ ಕಂಪನಿಯವರ ಕೈ ಹಾಯ್ದೇ ತಮಗೆ ತಲುಪಬೇಕು. ಓದುವ ಅವರಿಗೂ ಒಂದು ಮಾತು. ಸೀಟಿನ ಮೂಲ ಆಕಾರವನ್ನು ಗ್ರಾಹಕರು ಬದಲಾಯಿಸಿರುವ ಕಾರಣ ಖಾತರಿ ರದ್ದಾಗಿದೆ ಎಂದು ತಾವು ಕಳಿಸಿದ ಪತ್ರ ತಲುಪಿದೆ. ವಿನಯದಿಂದ ನೆನಪಿಸುವುದೇನೆಂದರೆ, ಮೊದಲು ಬದಲಾಯಿಸಿದವರು ತಾವು. ಮೂರು ಸೀಟುಗಳ ಮೊದಲು ನನ್ನ ಮೂಲ ಆಕಾರ ಹೇಗಿತ್ತೆಂಬುದಕ್ಕೆ ಎಡದಿಂದ, ಬಲದಿಂದ, ಹಿಂದಿನಿಂದ ತೆಗೆದ ಫೋಟೊ ತಮ್ಮಲ್ಲಿದೆ ಎಂದು ಹೇಳುವಂತಿಲ್ಲ, ಏಕೆಂದರೆ ಅಷ್ಟು ಹೊತ್ತಿಗಾಗಲೇ ಎರಡು ಸೀಟುಗಳ ಕೆಲಸ ಮುಗಿದಿತ್ತು.